ಅವ್ವ, ಮೂರು ಟೋಪಿ, ಒಂದು ಖಾಲಿ ದಿನ

ನಮ್ಮ ಕಡೆ ಅಂಡಮಾನ್ ಅನ್ನೋ ಹೆಸರು ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ ಕೇಳಿಸುತ್ತೆ. ‘ಅಂಡಮಾನ್‌ಗೆ ಮುಂಗಾರು ಪ್ರವೇಶ’ ಅಂತ ಟಿವಿಯಲ್ಲಿ ಬಂದ ಕೂಡಲೇ ವಿಜಯಪುರದ ರೈತರು ಬೀಜ, ಗೊಬ್ಬರದ ಲೆಕ್ಕ ಶುರು ಮಾಡ್ತಾರೆ. ಮಳೆ ಮೊದಲು ಅಲ್ಲಿ, ಆಮೇಲೆ ಕೇರಳದಲ್ಲಿ, ಜೂನ್‌ನಲ್ಲಿ ನಮ್ಮ ಹೊಲದ ಮೇಲೆ. 2025ರ ಏಪ್ರಿಲ್‌ನಲ್ಲಿ ಆ ಮೋಡಕ್ಕಿಂತ ಮೊದಲು ನಾವೇ ಅಂಡಮಾನ್‌ಗೆ ಹೋಗಿ ಬಂದ್ವಿ.

ನಾವು ಅಂದ್ರೆ 8 ಜನ. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಮಾಡೋ ನಾನು, ನನ್ನ ಹೆಂಡತಿ, 4 ವರ್ಷದ ಮಗಳು. ಬಬಲೇಶ್ವರ ತಾಲ್ಲೂಕಿನ ಕಾಖಂಡಕಿಯಲ್ಲಿ ಹೊಲ ನೋಡ್ಕೊಂಡಿರೋ ಅಣ್ಣ, ವೈನಿ, ಅವರ 10 ವರ್ಷದ ಮಗ, 7 ವರ್ಷದ ಮಗಳು. ಮತ್ತೆ ಅವ್ವ. ಅವಳಿಗೆ 62. ಅಲ್ಲಿವರೆಗೆ ಅವಳು ನೋಡಿದ್ದ ಅತಿ ದೊಡ್ಡ ನೀರು ಆಲಮಟ್ಟಿಯ ಹಿನ್ನೀರು.

ಆಫೀಸಿನಲ್ಲಿ ಯಾರಾದ್ರೂ ‘ಐಟಿನರರಿ ಕಳಿಸು’ ಅಂತ ಕೇಳಿದ್ರೆ ನಾನು ಜಾಗಗಳ ಪಟ್ಟಿ ಕಳಿಸಲ್ಲ. ಮಕ್ಕಳು, ಹಿರಿಯರ ಜೊತೆ ದ್ವೀಪಕ್ಕೆ ಹೋಗೋವಾಗ ಯಾವುದು ನೋಡಬೇಕು ಅನ್ನೋದಕ್ಕಿಂತ ಯಾವುದು ಬಿಡಬೇಕು ಅನ್ನೋದೇ ದೊಡ್ಡ ಪ್ರಶ್ನೆ.

ದಿನಾಂಕ ಮೊದಲು, ಜಾಗ ಆಮೇಲೆ

ಅಂಡಮಾನ್‌ಗೆ ಜನವರಿಯಿಂದ ಏಪ್ರಿಲ್‌ವರೆಗೆ ಒಳ್ಳೆ ಕಾಲ. ಆದ್ರೆ ಜನವರಿ, ಫೆಬ್ರವರಿಯಲ್ಲಿ ಮಕ್ಕಳಿಗೆ ಶಾಲೆ, ಅಣ್ಣನಿಗೆ ಜೋಳದ ರಾಶಿ. ದಸರಾ ರಜೆಯಲ್ಲಿ ಹೋಗೋಣ ಅಂದ್ರೆ ಅದು ಹಿಂಗಾರಿ ಬಿತ್ತನೆ ಹೊತ್ತು; ಜೊತೆಗೆ ಅಕ್ಟೋಬರ್‌ನಲ್ಲಿ ಅಂಡಮಾನ್‌ನಲ್ಲಿ ಮಳೆ ನಿಂತಿರಲ್ಲ. ಅಲ್ಲಿ ವರ್ಷಕ್ಕೆ ಬೀಳೋ ಮಳೆ ಸುಮಾರು 3,000 ಮಿಲಿಮೀಟರ್. ನಮ್ಮ ಜಿಲ್ಲೆಯಲ್ಲಿ 600ರ ಆಸುಪಾಸು.

ಕೊನೆಗೆ ಉಳಿದದ್ದು ಒಂದೇ ಕಿಂಡಿ. ರಾಜ್ಯದ ಶಾಲೆಗಳ ಬೇಸಿಗೆ ರಜೆ ಏಪ್ರಿಲ್ ಎರಡನೇ ವಾರ ಶುರುವಾಗುತ್ತೆ. ಮುಂಗಾರು ದಕ್ಷಿಣ ಅಂಡಮಾನ್ ಸಮುದ್ರ ಮುಟ್ಟೋದು ಸಾಮಾನ್ಯವಾಗಿ ಮೇ 20ರ ಸುಮಾರಿಗೆ. ಆ ವರ್ಷವಂತೂ ಮೇ 13ಕ್ಕೇ ಬಂತು. ಅಂದ್ರೆ ಏಪ್ರಿಲ್ ಮಧ್ಯದಿಂದ ಮೇ ಮೊದಲ ವಾರದವರೆಗೆ ಶಾಲೆಯೂ ಇಲ್ಲ, ಹೊಲದಲ್ಲಿ ಕೆಲಸವೂ ಕಮ್ಮಿ, ಸಮುದ್ರವೂ ಮಟ್ಟಿಗೆ ಶಾಂತ. ಸೆಖೆ ಇರುತ್ತೆ, ಬೆವರು ಸುರಿಯುತ್ತೆ. ಆದ್ರೆ ಏಪ್ರಿಲ್‌ನ ವಿಜಯಪುರದ ಬಿಸಿಲು ಕಂಡವರಿಗೆ ಅದೇನು ದೊಡ್ಡದಲ್ಲ.

ವಿಜಯಪುರದಿಂದ ವಿಜಯಪುರಂಗೆ

ಟಿಕೆಟ್ ಹುಡುಕೋವಾಗ ಗಮನಿಸಿ: ಪೋರ್ಟ್ ಬ್ಲೇರ್‌ನ ಹೆಸರು 2024ರ ಸೆಪ್ಟೆಂಬರ್‌ನಲ್ಲಿ ‘ಶ್ರೀ ವಿಜಯ ಪುರಂ’ ಅಂತ ಬದಲಾಗಿದೆ. ಹ್ಯಾವ್‌ಲಾಕ್ ಈಗ ಸ್ವರಾಜ್ ದ್ವೀಪ, ನೀಲ್ ಈಗ ಶಹೀದ್ ದ್ವೀಪ. ಇವು 2018ರಲ್ಲೇ ಬದಲಾದವು. ಬುಕಿಂಗ್ ಆ್ಯಪ್‌ಗಳಲ್ಲಿ ಹಳೆ ಹೆಸರು, ಹೊಸ ಹೆಸರು ಎರಡೂ ಕಾಣ್ತವೆ. ವಿಮಾನ ನಿಲ್ದಾಣದ ಕೋಡ್ ‘ಐಎಕ್ಸ್‌ಝಡ್’ ನೋಡ್ಕೊಂಡ್ರೆ ಗೊಂದಲ ಇಲ್ಲ.

ಬಿಜಾಪುರ 2014ರಲ್ಲಿ ವಿಜಯಪುರ ಆದದ್ದನ್ನು ನೋಡಿದ್ದ ಅವ್ವನಿಗೆ ಇದು ಒಳ್ಳೆ ತಮಾಷೆ ಆಯ್ತು. “ವಿಜಾಪುರದಿಂದ ವಿಜಯಪುರಕ್ಕ ಹೋಗಾಕ ಇಷ್ಟು ರೊಕ್ಕೇನು?” ಅಂತ ಕೇಳಿದಳು.

ಆದ್ರೆ ಅವಳು ಬರೋಕೆ ಒಪ್ಪಿರಲಿಲ್ಲ. ಮೊದಲ ನೆಪ: “ಕರಿನೀರಿಗೆ ಕರ್ಕೊಂಡ ಹೋಗ್ತೀರೇನ್ರೋ?” ಎರಡನೆಯದು: “ಎಮ್ಮಿ ಹಿಂಡೋರು ಯಾರು?” ಪಕ್ಕದ ಮನೆಯವರು ಎಮ್ಮೆ ನೋಡ್ಕೋತೀವಿ ಅಂದ ಮೇಲೆ ನಿಜವಾದ ಮಾತು ಹೊರಗೆ ಬಂತು. “ನನ್ನ ಮೊಣಕಾಲು ನೋಯ್ತಾವ. ನನ್ನ ಸಲುವಾಗಿ ನೀವ್ಯಾಕ ಅಲ್ಲಲ್ಲೇ ಕೂಡ್ತೀರಿ? ಹುಡುಗುರ್ನ ಕರ್ಕೊಂಡ ಹೋಗ್ರಿ.”

ಹಿರಿಯರನ್ನು ಬಿಟ್ಟು ಹೋದ ಎಷ್ಟೋ ಪ್ರವಾಸಗಳ ಹಿಂದೆ ಇದೇ ಮಾತು ಇರುತ್ತೆ ಅಂತ ನನಗನಿಸುತ್ತೆ. ಅವರಿಗೆ ಮನಸ್ಸಿಲ್ಲ ಅಂತಲ್ಲ, ಭಾರ ಆಗ್ತೀವಿ ಅನ್ನೋ ಸಂಕೋಚ. ಆವತ್ತೇ ರಾತ್ರಿ ಅಣ್ಣನೂ ನಾನೂ ಫೋನಲ್ಲಿ ಮಾತಾಡಿ ಪ್ಲಾನನ್ನೇ ತಿರುಗಿಸಿದ್ವಿ. 4 ವರ್ಷದ ಮಗು ಮತ್ತು 62 ವರ್ಷದ ಅವ್ವ, ಇವರಿಬ್ಬರಿಗೆ ಆಗದ್ದು ಯಾವುದೂ ಪಟ್ಟಿಯಲ್ಲಿ ಇರಬಾರದು ಅಂತ ಗೆರೆ ಎಳೆದ್ವಿ.

ಸೂರ್ಯನ ಟೈಮ್‌ಟೇಬಲ್

ವಿಜಯಪುರ ಇರೋದು ಸುಮಾರು 75.7 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಶ್ರೀ ವಿಜಯ ಪುರಂ 92.7ರಲ್ಲಿ. ನಡುವೆ 17 ಡಿಗ್ರಿ. ಒಂದು ಡಿಗ್ರಿಗೆ 4 ನಿಮಿಷ ಅಂದ್ರೂ 68 ನಿಮಿಷ ವ್ಯತ್ಯಾಸ. ಗಡಿಯಾರ ಮಾತ್ರ ಎರಡೂ ಕಡೆ ಒಂದೇ. ಹಾಗಾಗಿ ಏಪ್ರಿಲ್‌ನಲ್ಲಿ ಅಲ್ಲಿ ಬೆಳಿಗ್ಗೆ 5ಕ್ಕೆಲ್ಲ ಸೂರ್ಯ ಹುಟ್ಟಿ, ಸಂಜೆ ಐದೂವರೆಗೆ ಮುಳುಗಿಬಿಡ್ತಾನೆ. ಆಗ ನಮ್ಮೂರಲ್ಲಿ ಸಂಜೆ ಮುಕ್ಕಾಲು ಏಳರವರೆಗೂ ಬೆಳಕಿರುತ್ತೆ.

ಬೆಂಗಳೂರಿನ ಅಭ್ಯಾಸದಂತೆ 9ಕ್ಕೆ ತಿಂಡಿ ತಿಂದು, 10ಕ್ಕೆ ಹೊರಟರೆ ಅರ್ಧ ದಿನ ಹೋಯ್ತು, ಉಳಿದದ್ದು ನೆತ್ತಿ ಸುಡೋ ಬಿಸಿಲು. ನಾವು ಹಳ್ಳಿ ಟೈಮ್ ಹಿಡಿದ್ವಿ. 5ಕ್ಕೆ ಎದ್ದು, 6ರಿಂದ ಎಂಟೂವರೆವರೆಗೆ ಬೀಚು. ನಡುಹಗಲು ಊಟ, ನಿದ್ದೆ. ಮೂರೂವರೆಗೆ ಮತ್ತೆ ನೀರು. 7ಕ್ಕೆ ರಾತ್ರಿ ಊಟ. ಅವ್ವನಿಗೆ ಇದು ದಿನದ ರೂಢಿ, ಮಕ್ಕಳಿಗೆ ಎರಡೇ ದಿನದಲ್ಲಿ ಹೊಂದಿತು. ಒದ್ದಾಡಿದ್ದು ನಾನು, ನನ್ನ ಹೆಂಡತಿ ಮಾತ್ರ.

ದೋಣಿ ನಂಬಿ ವಿಮಾನ ಹತ್ತಬೇಡಿ

ನಮ್ಮ ದಾರಿ ಹೀಗಿತ್ತು. ಊರಿನವರು ವಿಜಯಪುರದಿಂದ ರಾತ್ರಿ ರೈಲಲ್ಲಿ ಬೆಂಗಳೂರಿಗೆ ಬಂದು ನಮ್ಮ ಮನೆಯಲ್ಲಿ ಒಂದು ದಿನ ಉಳಿದರು. ರೈಲಿನಿಂದ ಇಳಿದು ನೇರ ವಿಮಾನಕ್ಕೆ ಓಡೋದು ಬೇಡ ಅಂತಲೇ ಈ ವ್ಯವಸ್ಥೆ. ಬೆಂಗಳೂರಿಂದ ನೇರ ವಿಮಾನದಲ್ಲಿ ಎರಡೂವರೆ ಗಂಟೆ ಪ್ರಯಾಣ. 2 ವರ್ಷ ದಾಟಿದ ಮಗುವಿಗೂ ಪ್ರತ್ಯೇಕ ಸೀಟಿನ ಟಿಕೆಟ್ ಬೇಕು, ಹಾಗಾಗಿ ಖರ್ಚಿನ ದೊಡ್ಡ ಪಾಲು ವಿಮಾನಕ್ಕೇ ಹೋಗುತ್ತೆ. ಭಾರತೀಯರಿಗೆ ಅಂಡಮಾನ್‌ನ ಪ್ರವಾಸಿ ಜಾಗಗಳಿಗೆ ಪರ್ಮಿಟ್ ಬೇಡ, ಲಕ್ಷದ್ವೀಪಕ್ಕಾದ್ರೆ ಬೇಕು. ನಾವು ಅಂಡಮಾನ್ ಆರಿಸಿದ್ದಕ್ಕೆ ಅದೂ ಒಂದು ಕಾರಣ.

ಶ್ರೀ ವಿಜಯ ಪುರಂನಿಂದ ಸ್ವರಾಜ್ ದ್ವೀಪಕ್ಕೆ ದೋಣಿಯೇ ಗತಿ. ಖಾಸಗಿ ದೋಣಿಯಲ್ಲಿ ಒಂದೂವರೆಯಿಂದ 2 ಗಂಟೆ, ಸರ್ಕಾರಿ ದೋಣಿಯಲ್ಲಿ ಇನ್ನೂ ಸ್ವಲ್ಪ ಹೆಚ್ಚು. ದರ ಮಾತ್ರ ಕಮ್ಮಿ. ಹೊಟ್ಟೆ ತುಂಬ ತಿನ್ನಿಸಬೇಡಿ, ಖಾಲಿ ಹೊಟ್ಟೆಯಲ್ಲೂ ಹತ್ತಿಸಬೇಡಿ. ಕೆಳಗಿನ ಅಂತಸ್ತಿನ ನಡುಭಾಗದಲ್ಲಿ ಅಲುಗಾಟ ಕಮ್ಮಿ. ವಾಂತಿ ಮಾತ್ರೆ ಯಾವುದು, ಎಷ್ಟು ಅಂತ ಮಕ್ಕಳ ಡಾಕ್ಟರನ್ನು ಊರಲ್ಲೇ ಕೇಳಿಕೊಳ್ಳಿ. ಸ್ವರಾಜ್ ದ್ವೀಪದಲ್ಲಿ ಇರೋದು ಸಣ್ಣ ಸರ್ಕಾರಿ ಆರೋಗ್ಯ ಕೇಂದ್ರ; ದೊಡ್ಡ ಆಸ್ಪತ್ರೆ ಬೇಕಾದ್ರೆ ಮತ್ತೆ ಸಮುದ್ರ ದಾಟಬೇಕು.

ಇಡೀ ಪ್ಲಾನಿನಲ್ಲಿ ಮುಖ್ಯವಾದದ್ದು ಇದು: ಗಾಳಿ ಎದ್ದರೆ ದೋಣಿ ನಿಲ್ಲುತ್ತೆ, ವಿಮಾನ ನಮಗಾಗಿ ಕಾಯಲ್ಲ. ಹಾಗಾಗಿ ವಾಪಸ್ ವಿಮಾನದ ಹಿಂದಿನ ದಿನವನ್ನು ಪೂರ್ತಿ ಖಾಲಿ ಇಟ್ಟಿದ್ವಿ. ಪ್ರಾಜೆಕ್ಟ್ ಭಾಷೆಯಲ್ಲಿ ಬಫರ್. “ಒಂದು ದಿನ ಸುಮ್ಮನೆ ಹಾಳ” ಅಂತ ಅಣ್ಣನಿಗೆ ಮುನಿಸು. ಆ ಒಂದು ದಿನದಲ್ಲಿ ಶಹೀದ್ ದ್ವೀಪ ನೋಡಬಹುದಿತ್ತು ಅನ್ನೋದು ಅವನ ವಾದ. ನಾವು ವಾಪಸ್ ಹೊರಡಬೇಕಿದ್ದ ಬೆಳಿಗ್ಗೆ ಗಾಳಿ ಜೋರಾಗಿ ನಮ್ಮ ದೋಣಿ ರದ್ದಾಯ್ತು. ಜೆಟ್ಟಿಯಲ್ಲಿ ಎಷ್ಟೋ ಮನೆಯವರು ಫೋನ್ ಹಿಡ್ಕೊಂಡು ಟಿಕೆಟ್ ದಿನಾಂಕ ಬದಲಿಸೋಕೆ ಪರದಾಡ್ತಿದ್ದರು, ಅಳೋ ಮಕ್ಕಳು ಬೇರೆ. ನಾವು ರೂಮಿಗೆ ವಾಪಸ್ ಬಂದು ಮಕ್ಕಳನ್ನು ಮತ್ತೆ ಮಲಗಿಸಿದ್ವಿ. ಮರುದಿನ ದೋಣಿ ಬಿಟ್ಟಿತು.

ಬಾವಿ ಬೇರೆ, ಸಮುದ್ರ ಬೇರೆ

ನನಗೆ ನಿಜವಾಗಿ ಹೆದರಿಕೆ ಇದ್ದದ್ದು ಈಜು ಬಾರದ ನನ್ನ ಮಗಳದ್ದಲ್ಲ, ಈಜು ಬರೋ ಅಣ್ಣನ ಮಗನದ್ದು. ಅವನು ಬೆನ್ನಿಗೆ ಪ್ಲಾಸ್ಟಿಕ್ ಕ್ಯಾನ್ ಕಟ್ಟಿಕೊಂಡು ಹೊಲದ ಬಾವಿಯಲ್ಲಿ ಈಜು ಕಲಿತವನು. ಬಾವಿಯ ನೀರು ನಿಂತಲ್ಲೇ ನಿಂತಿರುತ್ತೆ, ನಾಲ್ಕು ಕೈ ಹೊಡೆದ್ರೆ ಗೋಡೆ ಸಿಗುತ್ತೆ. ಸಮುದ್ರದಲ್ಲಿ ನೀರು ನಮ್ಮನ್ನೇ ತಗೊಂಡು ಹೋಗುತ್ತೆ, ಹೋಗ್ತಿರೋದು ಗೊತ್ತೂ ಆಗಲ್ಲ.

ನಾವು ಮಾಡಿಕೊಂಡ ನಿಯಮ ಮೂರೇ. ನೀರಲ್ಲಿ ಒಂದು ಮಗುವಿಗೆ ಒಬ್ಬ ದೊಡ್ಡವರು, ಕೈಗೆಟುಕೋ ದೂರದಲ್ಲಿ. ಮಗುವಿನ ಸೊಂಟಕ್ಕಿಂತ ಮೇಲೆ ನೀರು ಬೇಡ. ಲೈಫ್‌ಗಾರ್ಡ್ ಸೀಟಿ ಊದಿದ್ರೆ ವಾದ ಮಾಡದೆ ಹೊರಗೆ. ಅಂಡಮಾನ್‌ನ ಕೆಲವು ತೀರಗಳಲ್ಲಿ, ಮ್ಯಾಂಗ್ರೋವ್ ಕಾಡಿನ ಹಿನ್ನೀರಿನ ಹತ್ತಿರ ಉಪ್ಪುನೀರಿನ ಮೊಸಳೆಗಳೂ ಇವೆ. ಎಚ್ಚರಿಕೆ ಬೋರ್ಡ್ ಇದ್ದ ಕಡೆ ಸೆಲ್ಫಿಗೂ ನಿಲ್ಲಬೇಡಿ.

ನಾಲ್ಕನೇ ಕೆಲಸ ಅವ್ವನಿಗೆ ಕೊಟ್ಟಿದ್ವಿ. ಮೂವರು ಮಕ್ಕಳಿಗೂ ಕಿತ್ತಳೆ ಬಣ್ಣದ ಒಂದೇ ಥರದ ಟೋಪಿ. ಅವ್ವ ದಂಡೆ ಮೇಲೆ ಕುರ್ಚಿ ಹಾಕ್ಕೊಂಡು ಟೋಪಿ ಎಣಿಸ್ತಾ ಇರಬೇಕು. ಮೊಣಕಾಲಿಗೆ ತೊಂದರೆಯಿಲ್ಲ, ಕೆಲಸವೂ ಇದೆ. ರಾಧಾನಗರ್ ಬೀಚಿನಲ್ಲಿ ಎರಡನೇ ದಿನ ಸಂಜೆ ಅವಳು ಇದ್ದಕ್ಕಿದ್ದಂತೆ ಕೂಗಿದಳು: “ಏ, ಹುಡುಗ ಆ ಕಡೆ ಸರದಾನ ನೋಡ್ರೋ!” ಅಣ್ಣನೂ ಮಗನೂ ಇಬ್ಬರೂ ಅಲೆ ಆಡ್ತಾ ಆಡ್ತಾ ಪಕ್ಕಕ್ಕೆ ಬಹಳ ದೂರ ಜಾರಿದ್ದರು. ನೀರಲ್ಲಿದ್ದವರಿಗೆ ಗೊತ್ತೇ ಆಗಿರಲಿಲ್ಲ. ದಂಡೆಯ ಒಂದು ಮರವನ್ನು ಗುರುತು ಇಟ್ಕೊಂಡು ನೋಡ್ತಿದ್ದ ಅವ್ವನಿಗೆ ಗೊತ್ತಾಯ್ತು. ಹೊಲದಲ್ಲಿ ದನ ಮೇಯಿಸೋವಾಗ ಹೀಗೇ ಗುರುತು ಇಟ್ಕೋತೀವಿ ಅಂದಳು. ಅದಾದ ಮೇಲೆ ಅವಳನ್ನು ಯಾರೂ ‘ನೀನು ರೂಮಲ್ಲಿರು’ ಅನ್ನಲಿಲ್ಲ, ಅವಳೂ ಭಾರದ ಮಾತು ಎತ್ತಲಿಲ್ಲ.

ರೊಟ್ಟಿ ಗಂಟು, ಚಿಪ್ಪಿನ ಗಂಟು

ನಮ್ಮದು ಸಸ್ಯಾಹಾರಿ ಮನೆ, ಹೋಗಿದ್ದು ಮೀನಿನ ದ್ವೀಪಕ್ಕೆ. ಅನ್ನ, ಸಾರು, ದೋಸೆ, ಪರೋಟ ಎಲ್ಲಾ ಕಡೆ ಸಿಗುತ್ತೆ. ಆದ್ರೆ ಮೂರನೇ ದಿನಕ್ಕೆ ಮಕ್ಕಳ ಬಾಯಿ ಮನೆ ರುಚಿ ಕೇಳುತ್ತೆ. ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಶೇಂಗಾ ಹೋಳಿಗಿ – ಇವು ಕೆಡಲ್ಲ, ಭಾರವೂ ಇಲ್ಲ. ಮೊಸರು ಕೊಂಡ್ರೆ ಊಟ ಮುಗೀತು. ಇದನ್ನೆಲ್ಲ ಚೆಕ್-ಇನ್ ಬ್ಯಾಗಿಗೆ ಹಾಕಿ. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲಿ. ಸಮುದ್ರದಡಿ ಚೆನ್ನೈಯಿಂದ ಫೈಬರ್ ಕೇಬಲ್ 2020ರಲ್ಲೇ ಬಂದಿದ್ರೂ ದ್ವೀಪದ ನೆಟ್‌ವರ್ಕ್ ನಂಬಿ ಆಫೀಸ್ ಮೀಟಿಂಗ್ ಇಟ್ಕೋಬೇಡಿ. ಯುಪಿಐ ಕೈಕೊಟ್ಟಾಗ ಬೇಕಾಗುವಷ್ಟು ನಗದು ಇರಲಿ.

ವಾಪಸ್ ಬರೋವಾಗ ಗಂಟಿನಲ್ಲಿ ಹವಳ, ಚಿಪ್ಪು ಇರಬಾರದು. ಹವಳ ಮತ್ತು ಹಲವು ಜಾತಿಯ ಚಿಪ್ಪುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಸತ್ತ ಹವಳದ ತುಂಡೂ ಅಪರಾಧವೇ. ನಮ್ಮ ಮಕ್ಕಳು ದಿನವಿಡೀ ಆರಿಸಿ, ಸಂಜೆ ಮರಳಲ್ಲಿ ರಂಗೋಲಿ ಮಾಡಿ, ಫೋಟೊ ತೆಗೆದು ಅಲ್ಲೇ ಬಿಟ್ಟು ಬಂದ್ರು. ಖಾಲಿ ಚಿಪ್ಪಿನಲ್ಲಿ ಏಡಿ ಮನೆ ಮಾಡ್ಕೋತದೆ ಅಂತ ತೋರಿಸಿದ ಮೇಲೆ ಹಟ ಹಿಡಿಯಲಿಲ್ಲ.

ನಾವು ಬಿಟ್ಟದ್ದು

ಶಹೀದ್ ದ್ವೀಪ ಬಿಟ್ಟೆವು. ಬಾರಾಟಾಂಗ್ ಬಿಟ್ಟೆವು. ಅಲ್ಲಿಗೆ ನಸುಕಿನಲ್ಲೇ ಹೊರಟು, ಜಾರವಾ ಜನರ ಮೀಸಲು ಕಾಡಿನ ಮೂಲಕ ವಾಹನಗಳ ಸಾಲಿನಲ್ಲಿ ಹೋಗಬೇಕು. ಮಗುವಿಗೆ ಅದು ಕಷ್ಟ. ಅಲ್ಲದೆ ಬೇರೆಯವರ ಮನೆಯಂಗಳದಲ್ಲಿ ಗಾಡಿ ಓಡಿಸಿಕೊಂಡು ಹೋದಂಗೆ ಅಂತ ವೈನಿಗೆ ಅನಿಸಿತು.

ಸೆಲ್ಯುಲಾರ್ ಜೈಲು ಬಿಡಲಿಲ್ಲ. 1896ರಿಂದ 1906ರವರೆಗೆ ಕಟ್ಟಿದ ಆ ಜೈಲಿನ 7 ಸಾಲುಗಳಲ್ಲಿ ಈಗ ಉಳಿದಿರೋದು 3. ಒಂದು ಕೋಣೆಯವನಿಗೆ ಇನ್ನೊಂದು ಕೋಣೆಯವನ ಮುಖ ಕಾಣದಂಗೆ ಕಟ್ಟಿದ್ದಾರೆ. ಅಣ್ಣನ ಮಗಳು ಕೋಣೆಯೊಳಗೆ ನಿಂತು, “ಇಲ್ಲಿ ಆಟಕ್ಕ ಯಾರನ್ನ ಕರೀತಿದ್ರು?” ಅಂತ ಕೇಳಿದಳು. ನಾವು ಯಾರೂ ಉತ್ತರ ಕೊಡಲಿಲ್ಲ. ಅವ್ವ ಅವಳ ಕೈ ಹಿಡ್ಕೊಂಡು ಹೊರಗೆ ಕರ್ಕೊಂಡು ಬಂದಳು.

ಇಷ್ಟು ದೂರ, ಇಷ್ಟು ಖರ್ಚು ಆಗಲ್ಲ ಅನ್ನೋರು ಉಡುಪಿಯ ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗಿ ಬನ್ನಿ. ಅರ್ಧ ಗಂಟೆಯ ದೋಣಿ, ಲಾವಾ ಆರಿ ಆದ ಕಂಬದಂಥ ಬಂಡೆಗಳು, ತೆಂಗಿನ ಮರಗಳು. ರಾತ್ರಿ ಉಳಿಯೋ ವ್ಯವಸ್ಥೆ ಇಲ್ಲ, ಮಳೆಗಾಲದಲ್ಲಿ ದೋಣಿ ಇಲ್ಲ. ನಿಮ್ಮ ಮಗುವಿಗೆ ದೋಣಿ ಒಗ್ಗುತ್ತಾ, ಅಲೆ ಕಂಡರೆ ಹೆದರುತ್ತಾ ಅಂತ ಅಲ್ಲೇ ಗೊತ್ತಾಗಿಬಿಡುತ್ತೆ.

ದೋಣಿ ರದ್ದಾದ ಆ ಖಾಲಿ ದಿನ ಮಾಡೋಕೆ ಏನೂ ಕೆಲಸ ಇರಲಿಲ್ಲ. ಮಧ್ಯಾಹ್ನ ಗಾಳಿ ಇಳಿದ ಮೇಲೆ ರೂಮಿನ ಹತ್ತಿರದ ವಿಜಯನಗರ ಬೀಚಿಗೆ ನಡೆದ್ವಿ. ಇಳಿತದ ಹೊತ್ತು, ನೀರು ಬಹಳ ಹಿಂದೆ ಸರಿದಿತ್ತು. “ಮುಂಜಾನಿ ಇದ್ದ ನೀರು ಎಲ್ಲಿ ಹೋತು?” ಅಂತ ಅವ್ವ ಎದ್ದು ನಿಂತಳು. ಆರು ದಿನ ದಂಡೆಯಲ್ಲೇ ಕೂತಿದ್ದವಳು ಸೀರೆ ಸ್ವಲ್ಪ ಎತ್ತಿ ಹಿಡಿದು, ನನ್ನ ಮಗಳ ಕೈ ಹಿಡ್ಕೊಂಡು, ನೀರು ಹುಡುಕ್ಕೊಂಡು ನಿಧಾನಕ್ಕೆ ಹೊರಟಳು. ಪಾದ ಮುಳುಗುವಷ್ಟು ನೀರು ಸಿಕ್ಕಾಗ ಇಬ್ಬರೂ ನಿಂತರು. ಆವತ್ತು ದಂಡೆಯಲ್ಲಿ ಕೂತು ಎಣಿಸೋ ಕೆಲಸ ನಮ್ಮದಾಗಿತ್ತು.