ಬಳ್ಳಿ ಹಬ್ಬಿದ ಕಾಲು

ದೀಪಾವಳಿ ಮುಗಿಸಿ ಮಗಳ ಮನಿಗೆ ಮುಂಬೈಗೆ ಹೋಗಿದ್ದೆ. ಒಂದಿನ ಬಾಜೂ ಮನಿ ಗುಜರಾತಿ ಜೈನರ ಬೆನ್, "ನಡೀರಿ, ನಿಮ್ಮ ಕಡೆಯವರನ್ನ ತೋರಸ್ತೀನಿ" ಅಂತ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯಕ್ಕ ಕರಕೊಂಡು ಹೋದ್ರು. ಏನೋ ದೊಡ್ಡದು ಇರ್ತದ ಅನ್ಕೊಂಡಿದ್ದೆ. ನೋಡಿದ್ರ ಒಂದ ಮೊಳದಷ್ಟು ಎತ್ತರದ ಕಂಚಿನ ಬಾಹುಬಲಿ! ಶ್ರವಣಬೆಳಗೊಳದಿಂದ ಬಂದದ್ದಂತ, ಸುಮಾರು 9ನೇ ಶತಮಾನದ್ದು. ಅಂದ್ರ ಬೆಟ್ಟದ ಮ್ಯಾಲೆ ಚಾವುಂಡರಾಯ 981ರಾಗ ನಿಲ್ಲಿಸಿದ ಆ ಗೊಮ್ಮಟಗಿಂತ ಈ ಸಣ್ಣಾಂವನ ಹಿರಿಯ.

ಹಿತ್ತಾಳಿ ತಿಕ್ಕೋ ಕೈ ನಂದು. ಹುಣಸಿಹಣ್ಣ ಹಚ್ಚಿ ತಿಕ್ಕಿದ್ರ ಹ್ಯಾಂಗ ಹೊಳೀತಿದ್ದ ಅಂತ ಮೊದಲ ಅನಿಸಿತು. ಆಮ್ಯಾಲೆ ಸಾವಕಾಶ ನೋಡಿದೆ. ಬೆಟ್ಟದಾಂವಗ ಗುಂಗುರು ಕೂದಲ. ಇವನವು ಹಿಂದಕ್ಕ ಬಾಚಿದಂಗ ಇದ್ದು, ಹೆಗಲ ಮ್ಯಾಲೆ ಇಳಿಬಿದ್ದಾವ. ಕಾಲಿಗೆ, ತೋಳಿಗೆ ಬಳ್ಳಿ ಸುತ್ತೇದ. ಒಂದ ವರ್ಷ ಅಲುಗಾಡದ ನಿಂತದ್ದಕ್ಕ ಬಳ್ಳಿ ಇವನನ್ನ ಗಿಡ ಅನ್ಕೊಂಡು ಹಬ್ಬಿತು. ಆ ನಿಲುವಿಗೆ ಕಾಯೋತ್ಸರ್ಗ ಅಂತಾರ, ಮೈಯ ಗೊಡವಿ ಬಿಡೂದು.

"ಎಷ್ಟ ಶಾಂತ ಅದಾನ" ಅಂದೆ. ಬೆನ್ ನಕ್ಕರು. "ಇನ್ನೂ ಜ್ಞಾನ ಆಗಿಲ್ಲಲ್ಲಾ ಅವಗ!"

ನಮ್ಮ ಕಡೆ ಹೇಳೂ ಕತಿಯೊಳಗ, ಅಣ್ಣ ಭರತನ ನೆಲದ ಮ್ಯಾಲೆ ನಿಂತೀನಿ ಅನ್ನೂ ಮುಳ್ಳು ಅವನ ಮನಸಿನ್ಯಾಗ ಉಳದಿತ್ತು, ಭರತ ಬಂದು ನಮಸ್ಕಾರ ಮಾಡಿದ ಮ್ಯಾಲೆ ಅದು ಹೋತು. ಅವರ ಶ್ವೇತಾಂಬರರ ಕತಿ ಬ್ಯಾರೆ. ತಮ್ಮಂದಿರು ಮೊದಲ ದೀಕ್ಷಾ ತಗೊಂಡಿದ್ರು. ತಂದಿ ಹತ್ರ ಹೋದ್ರ ಅವರಿಗೆ ಕೈ ಮುಗೀಬೇಕು. ಹಿರಿಯಾಂವ ನಾನು, ಸಣ್ಣವರಿಗೆ ಹ್ಯಾಂಗ ಬಗ್ಗಲಿ ಅಂತ ಅಲ್ಲೇ ನಿಂತುಬಿಟ್ಟ. ಕಡೀಕ ಬ್ರಾಹ್ಮಿ, ಸುಂದರಿ, ಅಕ್ಕತಂಗೇರಿಬ್ರೂ ಬಂದು "ಆನಿ ಮ್ಯಾಲಿಂದ ಇಳಿಯಪ್ಪಾ" ಅಂದ್ರಂತ. ಎಲ್ಲಿ ಆನಿ ಅಂತ ವಿಚಾರ ಮಾಡಿದಾಗ ಅವಗ ತಿಳೀತು. ಹೋಗಲಿಕ್ಕೆ ಒಂದ ಹೆಜ್ಜಿ ಎತ್ತಿದ, ಕೇವಲಜ್ಞಾನ ಆತು.

ನಾ ಮತ್ತ ಕಂಚಿನ ಪಾದ ನೋಡಿದೆ. ಎರಡೂ ನೆಲಕ್ಕ ಹತ್ಯಾವ. ಇಷ್ಟೊತ್ತು ತಪಸ್ಸು ಅನಿಸಿದ್ದು ಈಗ ಹಟದಂಗ ಕಾಣಲಿಕ್ಹತ್ತಿತು. ಮಾರಿ ಅದ, ಬಳ್ಳಿ ಅದ. ನನಗ ಹಂಗ ಕಾಣಬೇಕಾದ್ರ ಕಾರಣ ನನ್ನೊಳಗೇ ಇತ್ತು.

ಅವ್ವನ ನಾಕ ಬಂಗಾರದ ಬಳಿ ಹಂಚೂ ಮುಂದ ನನಗೂ ತಂಗಿಗೂ ಮಾತ ಬೆಳೆದು, ಎರಡ ವರ್ಷ ಆಗಿತ್ತು ಒಬ್ರಿಗೊಬ್ರು ಮಾತಾಡದ. ನಾ ಏನೂ ಬೈದಿರಲಿಲ್ಲ, ಸುಮ್ಮನಿದ್ದೆ. "ಅಕ್ಕ ಭಾಳ ಸಮಾಧಾನದಾಕಿ" ಅಂತ ಮಂದಿ ಅಂದಾಗ ಒಳಗೊಳಗ ಹಿಗ್ಗಿದ್ದೂ ಖರೇ. ಸಣ್ಣಾಕಿಗೆ ನಾ ಯಾಕ ಮೊದಲ ಫೋನ್ ಹಚ್ಚಲಿ?

ಊರಿಗೆ ಬಂದು ಮತ್ತ ಎಂಟ ದಿನ ತಡದೆ. ಒಂಬತ್ತನೇ ದಿನ, ಕುಕ್ಕರ್ ಸೀಟಿ ಹೊಡೆಯೂದರೊಳಗ ಹಚ್ಚಿಬಿಟ್ಟೆ. ಎರಡನೇ ರಿಂಗಿಗೇ ಎತ್ತಿದ್ಲು.

"ಅಕ್ಕಾ, ಯಾರಿಗರ ಏನರ ಆಗೇದೇನ?" ದನಿ ನಡುಗ್ತಿತ್ತು.

"ಏನೂ ಆಗಿಲ್ಲವಾ, ಹಂಗ ಹಚ್ಚಿದೆ" ಅಂದೆ. ಸ್ವಲ್ಪ ಹೊತ್ತು ಇಬ್ರೂ ಸುಮ್ಮನಿದ್ವಿ. ಆಮ್ಯಾಲೆ ಅಕಿ ಮೂಗ ಏರಿಸಿಕೋತ, ಅವ್ವ ಮಾಡತಿದ್ದ ಗುರೆಳ್ಳ ಚಟ್ನಿಗೆ ಬೆಲ್ಲ ಹಾಕ್ತಿದ್ಲೋ ಇಲ್ಲೋ ಅಂತ ಕೇಳಿದ್ಲು.