ತುಂಬಿಯೇ ಮರಳುವ ಬಾಟಲಿ

ಭೂಮಿಯ ಮೇಲ್ಮೈಯಲ್ಲಿ ನೂರಕ್ಕೆ 71 ಭಾಗ ನೀರು ಎಂದರೆ ತರಗತಿಯ ಮಕ್ಕಳಿಗೆ ಆಶ್ಚರ್ಯವೇನೂ ಆಗುವುದಿಲ್ಲ. ಭೂಪಟದ ನೀಲಿ ಬಣ್ಣ ಅವರು ನೋಡಿಯೇ ಇರುತ್ತಾರೆ. ಆದರೆ ಭೂಮಿಯ ಒಟ್ಟು ನೀರಿನಲ್ಲಿ ಸುಮಾರು 97 ಭಾಗ ಉಪ್ಪುನೀರು, ಉಳಿದ ಸಿಹಿನೀರಿನಲ್ಲೂ ಮೂರರಲ್ಲಿ ಎರಡು ಪಾಲು ಹಿಮವಾಗಿದೆ ಎಂದಾಗ ಕಣ್ಣರಳಿಸುತ್ತಾರೆ.

ನಮ್ಮ ದೇಹದ ಲೆಕ್ಕ ಇನ್ನೂ ಸ್ವಾರಸ್ಯಕರ. ಆಗತಾನೆ ಹುಟ್ಟಿದ ಮಗುವಿನ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರು. ಬೆಳೆದ ಗಂಡಸರಲ್ಲಿ ಅದು ಶೇ. 60ರಷ್ಟು, ಹೆಂಗಸರಲ್ಲಿ ಶೇ. 50ರಿಂದ 55. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಒಂದೆರಡು ಲೀಟರನ್ನು ಮಾತ್ರ ಕಶ್ಮಲದೊಂದಿಗೆ ಹೊರಹಾಕಿ, ಉಳಿದದ್ದನ್ನೆಲ್ಲ ರಕ್ತಕ್ಕೇ ಮರಳಿಸುತ್ತವೆ. ಯಾವ ಗೃಹಿಣಿಯೂ ಇಷ್ಟು ಮಿತವ್ಯಯ ಮಾಡಲಾರಳು!

ಈ ಪಾಠ ಮಾಡುವಾಗಲೆಲ್ಲ ನನ್ನ ಕಣ್ಣು ಹುಡುಗಿಯರ ಬಾಟಲಿಗಳತ್ತ ಹೋಗುತ್ತದೆ. ಬೆಳಿಗ್ಗೆ ತಾಯಿ ತುಂಬಿಸಿ ಕೊಟ್ಟ ನೀರು ಸಂಜೆ ಹಾಗೆಯೇ ಮನೆಗೆ ಮರಳುತ್ತದೆ. ಬಾಯಾರಿಕೆ ಇಲ್ಲವೆಂದಲ್ಲ. "ಶೌಚಾಲಯ ಗಲೀಜು ಟೀಚರ್, ಬಾಗಿಲಿಗೆ ಚಿಲಕವೂ ಇಲ್ಲ" ಎಂದು ಒಬ್ಬಳು ಕಿವಿಯಲ್ಲಿ ಹೇಳಿದಳು. ಹೆಣ್ಣುಮಕ್ಕಳಲ್ಲಿ ಮೂತ್ರದ ದಾರಿ ಗಿಡ್ಡ, ರೋಗಾಣು ಬೇಗ ಮೇಲೇರುತ್ತದೆ. ನೀರು ಕುಡಿಯದೆ, ಗಂಟೆಗಟ್ಟಲೆ ಮೂತ್ರ ತಡೆದಿಟ್ಟರೆ ಸೋಂಕಿಗೆ ನಾವೇ ಅವಕಾಶ ಕೊಟ್ಟಂತೆ. ಉರಿ, ಜ್ವರ ಬಂದರೂ ಎಷ್ಟೋ ಹುಡುಗಿಯರು ಸಂಕೋಚದಿಂದ ಮನೆಯಲ್ಲಿ ಬಾಯಿ ಬಿಡುವುದಿಲ್ಲ.

ಪೋಷಕರ ಸಭೆಗೆ ಬರುವ ತಾಯಂದಿರು ಅಂಕಗಳನ್ನು ಕೇಳುತ್ತಾರೆ, ಶೌಚಾಲಯವನ್ನು ಕೇಳುವುದಿಲ್ಲ. ಕಳೆದ ಸಲ ಮೂವರನ್ನು ನಾನೇ ಕರೆದುಕೊಂಡು ಹೋಗಿ ತೋರಿಸಿದೆ. ಮರುವಾರ ಚಿಲಕ ಬಂತು. ನಲ್ಲಿ ಇನ್ನೂ ಬಂದಿಲ್ಲ.