ಮೋನೋಗ್ರಾಂಗೆ ಹುರಮಂಜಿ ಬಣ್ಣ

ಕಾರಿನ ಮುಂದೆ ಹಿಂದೆ ಅಂಟಿಸಿರುವ ಕಂಪನಿಯ ಗುರುತಿಗೆ ಪುಣೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ‘ಮೋನೋಗ್ರಾಂ’ ಎನ್ನುತ್ತಾರೆ. ಕಳೆದ ವರ್ಷ ನಮ್ಮ ಹಳೆಯ ಇಂಡಿಕಾದ ಮೋನೋಗ್ರಾಂಗೆ ನಾನು ಮನೆಯಲ್ಲೇ ಬಣ್ಣ ಹಚ್ಚಿದೆ. ಒಂದಲ್ಲ, ಎರಡು ಸಲ. ಮೊದಲನೆಯ ಸಲ ಅಪ್ಪನಿಗೆ ಸುಳ್ಳು ಹೇಳಿ ಹಚ್ಚಿದ್ದೆ. ಎರಡನೆಯ ಸಲ ಅಪ್ಪನೇ ಹಚ್ಚಿಸಿದ.

ಕಾರು 2007ರದ್ದು. ಹದಿನೈದು ವರ್ಷ ತುಂಬಿದಾಗ, 2022ರಲ್ಲಿ, ಆರ್‌ಟಿಒಗೆ ಒಯ್ದು ಮತ್ತೆ ಐದು ವರ್ಷಕ್ಕೆ ನೋಂದಣಿ ಮಾಡಿಸಿದ್ದೆವು. ಆದರೆ ಅಪ್ಪನ ಕೈ ನಡುಗಲು ಶುರುವಾಗಿ ಓಡಿಸುವುದು ನಿಂತಿತ್ತು. ನನಗೆ ಆಫೀಸಿನ ಬಸ್ಸಿದೆ. ಕಾರು ನಿಗಡಿಯ ನಮ್ಮ ಕಟ್ಟಡದ ಕೆಳಗೆ ಧೂಳು ತಿನ್ನುತ್ತ ನಿಂತಿತ್ತು. ಮಾರಿಬಿಡೋಣ ಎಂದು ಹಳೆ ಕಾರಿನ ದಲ್ಲಾಳಿಯೊಬ್ಬನ ಜೊತೆ ಫೋನಿನಲ್ಲಿ ಮಾತಾಡಿದ್ದೆ. ಅಪ್ಪನಿಗೆ ಹೇಳುವ ಧೈರ್ಯ ಬರಲಿಲ್ಲ. ಏಕೆಂದರೆ ಆ ಕಾರು ನಮ್ಮ ಮನೆಗೆ ಬರುವ ಮೊದಲೇ ಅಪ್ಪನ ಕೈ ದಾಟಿ ಬಂದಿತ್ತು.

ಅಪ್ಪ ಇಂಡಿ ತಾಲೂಕಿನ ಹಳ್ಳಿಯವ. 1972ರ ಬರಗಾಲ ಬಿದ್ದಾಗ ಹದಿನೇಳು ವರ್ಷ. ಅಜ್ಜ ಎತ್ತು ಮಾರಿದ ಮೇಲೆ ಹೊಲದಲ್ಲಿ ಕೆಲಸ ಉಳಿಯಲಿಲ್ಲ. ಸೊಲ್ಲಾಪುರಕ್ಕೆ, ಅಲ್ಲಿಂದ ಪುಣೆಗೆ ಬಂದ. ಗೌಂಡಿ ಕೆಲಸ, ಹಮಾಲಿ ಎಲ್ಲ ಮಾಡಿ ಕೊನೆಗೆ ಪಿಂಪ್ರಿಯ ಕಾರ್ಖಾನೆ ಸೇರಿದ. ಆಗ ಅದರ ಹೆಸರು ಟೆಲ್ಕೊ. ಟಾಟಾ ಮೋಟರ್ಸ್ ಆದದ್ದು 2003ರಲ್ಲಿ. 1998ರ ಕೊನೆಗೆ ಇಂಡಿಕಾ ಬಂತು. ಆಸ್ಟ್ರೇಲಿಯಾದಲ್ಲಿ ಮುಚ್ಚಿಹೋಗಿದ್ದ ನಿಸಾನ್ ಕಾರ್ಖಾನೆಯ ಯಂತ್ರಗಳನ್ನು ಬಿಚ್ಚಿ ಹಡಗಿನಲ್ಲಿ ತಂದು, ಪುಣೆಯಲ್ಲಿ ಮತ್ತೆ ಜೋಡಿಸಿ ಅದನ್ನು ತಯಾರಿಸಿದರು. ಅಪ್ಪ ಪೇಂಟ್ ಶಾಪಿನಲ್ಲಿದ್ದ. 2015ರಲ್ಲಿ ನಿವೃತ್ತನಾಗುವವರೆಗೆ ಎಷ್ಟು ಕಾರಿನ ಮೈ ಸವರಿದ್ದಾನೋ ಅವನಿಗೇ ಲೆಕ್ಕವಿಲ್ಲ.

ನನ್ನ ಮೊದಲ ಪ್ರಯತ್ನ ಜೂನ್ ತಿಂಗಳಲ್ಲಿ. ಮೋನೋಗ್ರಾಂನ ಹೊಳಪು ಹೋಗಿ ಸಿಡುಬಿನ ಕಲೆಯಂತೆ ಚುಕ್ಕೆ ಬಿದ್ದಿದ್ದವು. ಫೋಟೋದಲ್ಲಿ ಕಾರು ಚೆಂದ ಕಂಡರೆ ನಾಲ್ಕು ಕಾಸು ಹೆಚ್ಚು ಬರುತ್ತದೆಂಬ ಲೆಕ್ಕ ನನ್ನದು. ಈಗ ಕಪ್ಪು ಮೋನೋಗ್ರಾಂ ಫ್ಯಾಷನ್ನು; ಕಂಪನಿಗಳೇ ‘ಡಾರ್ಕ್ ಎಡಿಷನ್’ ಎಂದು ಮಾರುತ್ತವೆ. ಇಡೀ ಕಾರಿನ ಬಣ್ಣ ಬದಲಿಸಿದರೆ ಆರ್‌ಸಿಯಲ್ಲೂ ಬದಲಿಸಬೇಕು, ಅಂಗೈಯಗಲದ ಮೋನೋಗ್ರಾಂಗೆ ಆ ತಾಪತ್ರಯವಿಲ್ಲ. ಅಪ್ಪ ಕೇಳಿದಾಗ “ಸುಮ್ಮನೆ, ಹವ್ಯಾಸ” ಎಂದೆ.

ಕಾರಿನಿಂದ ಬಿಚ್ಚಲೂ ಇಲ್ಲ. ಸುತ್ತ ಪೇಪರ್ ಅಂಟಿಸಿ, ಕಪ್ಪು ಸ್ಪ್ರೇ ಡಬ್ಬಿ ಅಲ್ಲಾಡಿಸಿ, ದಪ್ಪಗೆ ಒಂದೇ ಕೈ ಹೊಡೆದೆ. ಹೊರಗೆ ಜಿಟಿಜಿಟಿ ಮಳೆ. ಒಣಗುವಷ್ಟರಲ್ಲಿ ಕಪ್ಪಿನ ಮೇಲೆ ಬೂದಿ ಚೆಲ್ಲಿದಂತೆ ಬಿಳಿ ಮಬ್ಬು. ಗಾಳಿಯಲ್ಲಿ ತೇವವಿದ್ದಾಗ ಸ್ಪ್ರೇ ಬಣ್ಣ ಹೀಗೆ ಮಂಕಾಗುತ್ತದೆಂದು ಆಮೇಲೆ ತಿಳಿಯಿತು. ಎರಡು ವಾರ ಬಿಟ್ಟು ಕಾರು ತೊಳೆಸಲು ಒಯ್ದೆ. ನೀರಿನ ಪೈಪು ಮೂತಿಗೆ ತಾಗಿದ್ದೇ ತಡ, ಬಣ್ಣ ಹಾವಿನ ಪೊರೆಯಂತೆ ಸುಲಿದು ಬಂತು.

ಅಪ್ಪ ಕೆಳಗಿಳಿದು ಬಂದು ಹೆಬ್ಬೆರಳು ಆಡಿಸಿ ನೋಡಿದ. “ತಮ್ಮಾ, ಬಣ್ಣ ಮ್ಯಾಲಿಂದ ಹಿಡಿಯೂದಿಲ್ಲ, ತಳದಿಂದ ಹಿಡಿತೈತಿ. ಎತ್ತಿನ ಕೊಂಬು ಹೆರೀದೇ ಯಾರರೆ ಬಣ್ಣ ಹಚ್ಚತಾರೇನು?”

ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಹಚ್ಚುವುದನ್ನು ಉತ್ತರ ಕರ್ನಾಟಕದವರು ಬಲ್ಲರು. ಮುಂಗಾರು ಬಿತ್ತನೆಯ ಹೊತ್ತಿನ ಹಬ್ಬ. ಮೊದಲು ಕೊಂಬಿನ ಸಿಬಿರು ಹೆರೆದು ನುಣುಪು ಮಾಡಿ, ಒರೆಸಿ, ಆಮೇಲೆ ಬಣ್ಣ. ಇಲ್ಲಿ ಮಹಾರಾಷ್ಟ್ರದಲ್ಲಿ ಮಳೆಗಾಲದ ಕೊನೆಯತ್ತ ಬರುವ ಪೋಳಾ ಹಬ್ಬಕ್ಕೂ ಹೀಗೇ ಮಾಡುತ್ತಾರೆ. ಈಗ ನಮ್ಮ ಕಡೆ ಕೊಂಬಿಗೆ ಎಲ್ಲ ಬಣ್ಣದ ಆಯಿಲ್ ಪೇಂಟ್ ಬಂದಿದೆ. ಅಜ್ಜ ಹಚ್ಚುತ್ತಿದ್ದದ್ದು ಹುರಮಂಜಿ, ಗೋಡೆಗೂ ಕಟ್ಟೆಗೂ ಬಳಿಯುವ ಕೆಂಪು ಮಣ್ಣಿನ ಬಣ್ಣ.

“ಮಳಿ ಹೋಗಲಿ. ನಾನು ಹೇಳಿಕೊಡ್ತೀನಿ” ಎಂದ ಅಪ್ಪ. ದಸರೆ ಮುಗಿದು ಬಿಸಿಲು ಬಿದ್ದ ಮೇಲೆ ಕೂತೆವು.

ಹೇಗೆ ಮಾಡಿದೆವೆಂದು ಹೇಳುತ್ತೇನೆ, ನಿಮಗೂ ಬೇಕಾಗಬಹುದು. ಮೋನೋಗ್ರಾಂ ಇರುವ ಜಾಗವನ್ನು ಸುತ್ತ ಟೇಪು ಹಚ್ಚಿ ಗುರುತು ಮಾಡಿಕೊಂಡೆವು. ಇಲ್ಲದಿದ್ದರೆ ಮತ್ತೆ ಅಂಟಿಸುವಾಗ ಸೊಟ್ಟಗಾಗುತ್ತದೆ. ಕೂದಲು ಒಣಗಿಸುವ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ, ಮೀನು ಹಿಡಿಯುವ ಗಾಳದ ನೈಲಾನ್ ದಾರವನ್ನು ಹಿಂದೆ ತೂರಿಸಿ, ಗರಗಸದಂತೆ ಆ ಕಡೆ ಈ ಕಡೆ ಎಳೆದೆವು. ಬಿಟ್ಟಿತು. ಉಳಿದ ಗೋಂದನ್ನು ಸೀಮೆಎಣ್ಣೆ ಬಟ್ಟೆಯಿಂದ ತಿಕ್ಕಿ, ಸಾಬೂನು ನೀರಿನಲ್ಲಿ ತೊಳೆದೆವು. ಥಿನ್ನರ್ ಮುಟ್ಟಗೊಡಲಿಲ್ಲ ಅಪ್ಪ. ಅದು ಪ್ಲಾಸ್ಟಿಕ್ಕನ್ನೇ ತಿನ್ನುತ್ತದೆ.

ಹೌದು, ಅದು ಪ್ಲಾಸ್ಟಿಕ್. ನೋಡಲು ಉಕ್ಕಿನಂತೆ ಕಂಡರೂ ಒಳಗೆ ಎಬಿಎಸ್ ಪ್ಲಾಸ್ಟಿಕ್, ಅದರ ಮೇಲೆ ತಾಮ್ರ, ನಿಕಲ್, ಕೊನೆಗೆ ಕ್ರೋಮಿಯಂ. ಆ ಕ್ರೋಮಿಯಂ ಪದರ ಒಂದು ಮೈಕ್ರಾನಿಗಿಂತ ತೆಳು, ಆದರೆ ಗಾಜಿನಂಥ ಗಟ್ಟಿ ನುಣುಪು. ಬಣ್ಣಕ್ಕೆ ಅಲ್ಲಿ ಕಾಲೂರಲು ಜಾಗವಿಲ್ಲ. 600 ನಂಬರಿನ ವಾಟರ್ ಪೇಪರಿನಿಂದ ನೀರು ಹಾಕಿ ತಿಕ್ಕಿದೆವು, ಆಮೇಲೆ 1000ದ್ದು. ನನಗೆ ಸಾಕೆನಿಸಿದಾಗಲೆಲ್ಲ ಅಪ್ಪ ಹೆಬ್ಬೆರಳಿಟ್ಟು “ಇಲ್ಲಿನ್ನೂ ಜಾರತೈತಿ” ಎನ್ನುತ್ತಿದ್ದ. ಪೂರಾ ಮಂಕಾದ ಮೇಲೆ ಪ್ಲಾಸ್ಟಿಕ್ ಪ್ರೈಮರ್ ಹೊಡೆದೆವು.

“ಯಾವ ಬಣ್ಣ?” ಎಂದೆ. ಕಪ್ಪಿನ ಡಬ್ಬಿ ಇನ್ನೂ ಇತ್ತು.

“ಹುರಮಂಜಿ” ಎಂದ ಅಪ್ಪ.

ಆ ಬಣ್ಣ ನಾನಾ ಪೇಠಿನಲ್ಲಿ ಸಿಗಲಿಲ್ಲ. ಲೋಹದ ಬಣ್ಣ, ಕ್ಯಾಂಡಿ ಬಣ್ಣ, ಎಲ್ಲ ಇವೆ. ಅಪ್ಪ ನಕ್ಕು “ರೆಡ್ ಆಕ್ಸೈಡ್ ಕೇಳು” ಎಂದ. ಗೇಟು, ಕಿಟಕಿಯ ಸರಳುಗಳಿಗೆ ಬೇರೆ ಬಣ್ಣ ಹಚ್ಚುವ ಮೊದಲು ತಳಕ್ಕೆ ಬಳಿಯುತ್ತಾರಲ್ಲ, ಅದು. ಹುರಮಂಜಿಯೂ ಅದೂ ಒಂದೇ, ಕಬ್ಬಿಣದ ಆಕ್ಸೈಡು. ಅದರ ಸ್ಪ್ರೇ ಡಬ್ಬಿ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಕ್ಕಿತು. ಮೇಲೆ ಹೊಡೆಯುವ ಕ್ಲಿಯರ್ ಕೋಟ್ ಅದರೊಡನೆ ಹೊಂದುತ್ತದೋ ಇಲ್ಲವೋ ಎಂದು ಮೊದಲು ಒಂದು ಪ್ಲಾಸ್ಟಿಕ್ ಮುಚ್ಚಳದ ಮೇಲೆ ಪರೀಕ್ಷೆ ಮಾಡಿಸಿದ. ಹೊಂದದಿದ್ದರೆ ಬಣ್ಣ ಸುಕ್ಕುಗಟ್ಟುತ್ತದೆ.

ಒಂದು ಗೇಣು ದೂರದಿಂದ, ಮಂಜು ಬಿದ್ದಂತೆ ತೆಳ್ಳಗೆ. ವಸ್ತುವಿನ ಹೊರಗೆ ಶುರು ಮಾಡಿ, ಹೊರಗೇ ನಿಲ್ಲಿಸಬೇಕು. ಹತ್ತು ನಿಮಿಷ ಬಿಟ್ಟು ಮತ್ತೊಂದು ಕೈ. ಕಾರ್ಖಾನೆಯಲ್ಲಿ ಕಾರಿನ ಮೈಯನ್ನು ಸುಮಾರು 140 ಡಿಗ್ರಿಯ ಒಲೆಯಲ್ಲಿ ಹಾಯಿಸುತ್ತಾರೆ. ಮೋನೋಗ್ರಾಂಗೆ ಅದು ಆಗದು, 100ರ ಆಸುಪಾಸಿಗೇ ಮೆತ್ತಗಾಗುತ್ತದೆ. ಗ್ಯಾಲರಿಯ ಬಿಸಿಲೇ ಸಾಕಾಯಿತು.

ಒಣಗಲು ಇಟ್ಟು ಕೂತಾಗ ಅಪ್ಪ ಹೇಳಿದ: “ನಮ್ಮ ಶಾಪಿಗೆ ಬರೂ ಮುಂದ ಗಾಡಿಗೆ ಹೆಸರ ಇರತಿರ್ಲಿಲ್ಲ. ಬರೀ ತಗಡು. ಬಣ್ಣ ಆಗಿ ಮುಂದ ಹ್ವಾದ ಮ್ಯಾಲೆ ಹೆಸರು ಹಚ್ಚತಿದ್ರು. ಯಾವ ಗಾಡಿಗೆ ಯಾವ ಬಣ್ಣ ಅಂತ ಚೀಟಿ ಬರತಿತ್ತು. ನಮ್ಮನ್ಯಾರು ಕೇಳ್ತಾರ?”

ಮೂವತ್ತಕ್ಕೂ ಹೆಚ್ಚು ವರ್ಷ ಬಣ್ಣದ ನಡುವೆ ಇದ್ದವ, ಬಣ್ಣ ಆರಿಸಿದ್ದು ಇದೇ ಮೊದಲು. ನನಗೆ ಗಂಟಲು ಕಟ್ಟಿತು. ಕಪ್ಪು ಏಕೆ ಬೇಡ ಎಂದು ಕೇಳಬಾರದಿತ್ತು, ಕೇಳಿದೆ.

“ಬರಗಾಲದ ವರ್ಷ ಕಾರಹುಣ್ಣಿಮಿಗೆ ನಿಮ್ಮಜ್ಜ ಕೊಂಬಿಗೆ ಬಣ್ಣ ಹಚ್ಚಲಿಲ್ಲ. ಮೇವಿಗೇ ಗತಿ ಇಲ್ಲ, ಹಬ್ಬ ಏನು ಅಂದ. ಮಾರಾಕ ಸಂತಿಗೆ ಹೊಡಕೊಂಡು ಹೋಗೂ ಹಿಂದಿನ ದಿನ ಸಂಜಿಗೆ ಕೂತು ಹುರಮಂಜಿ ಹಚ್ಚಿದ. ಬೋಳಗೊಂಬಿಲೆ ಕಳಸಬಾರದು ಅಂದ.”

ಆಮೇಲೆ ಇಬ್ಬರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿಗೆ ನಾನೇ ಹೇಳಿದೆ: “ಅಪ್ಪಾ, ಗಾಡಿ ಮಾರಬೇಕಂತ ಮಾಡೀನಿ.”

“ಗೊತ್ತೈತಿ. ಜೂನದಾಗ ಕರಿ ಬಣ್ಣ ಹೊಡದಾಗ್ಲೇ ಗೊತ್ತಾತು. ನಿನಗ ಯಾವ ಹವ್ಯಾಸ ಐತಿ?”

ಡಿಸೆಂಬರಿನಲ್ಲಿ ದಲ್ಲಾಳಿ ಬಂದ. ಕೆಂಪು ಮೋನೋಗ್ರಾಂ ನೋಡಿ ಮರಾಠಿಯಲ್ಲಿ ಏನೋ ತಮಾಷೆ ಮಾಡಿದ, ಬೆಲೆ ಮಾತ್ರ ಫೋನಿನಲ್ಲಿ ಹೇಳಿದ್ದೇ. ಬಣ್ಣದಿಂದ ಒಂದು ರೂಪಾಯಿ ಹೆಚ್ಚು ಬರಲಿಲ್ಲ. ಕಾಗದಕ್ಕೆ ಸಹಿಯಾಗಿ ಕೀಲಿ ಕೊಡುವ ಮೊದಲು ಅಪ್ಪ ಒಂದು ನಿಮಿಷ ನಿಲ್ಲಿ ಎಂದು, ಜೇಬಿನಿಂದ ಗಾಳದ ದಾರ ತೆಗೆದ. ಎತ್ತು ಮಾರಿದ ದಿನ ಅಜ್ಜ ಹಗ್ಗ ಬಿಚ್ಚಿಕೊಂಡು ಮನೆಗೆ ತಂದಿದ್ದನಂತೆ. ಹಗ್ಗ ಕೊಡುವ ಪದ್ಧತಿ ಇಲ್ಲ. ಅಪ್ಪ ಮುಂದಿನ ಮೋನೋಗ್ರಾಂ ಹಿಂದೆ ದಾರ ತೂರಿಸಿ ಎಳೆಯತೊಡಗಿದ. ಕೈ ನಡುಗುತ್ತಿತ್ತು, ಆದರೆ ಆ ಕೆಲಸಕ್ಕೆ ಅದು ಅಡ್ಡಿಯಾಗಲಿಲ್ಲ. ಬೇರೆ ಮೋನೋಗ್ರಾಂ ಹಾಕಿಸಿಕೊಳ್ಳಲು ದಲ್ಲಾಳಿಗೆ ನಾನು ಐದುನೂರು ಬಿಟ್ಟುಕೊಟ್ಟೆ.

ಅದು ಈಗ ಟಿವಿಯ ಪಕ್ಕದಲ್ಲಿದೆ. ಬಣ್ಣ ಎಲ್ಲೂ ಎದ್ದಿಲ್ಲ. ಹಿಂದಿನದು ಕಾರಿನ ಜೊತೆಗೇ ಹೋಯಿತು. ಪುಣೆಯ ಕಡೆ ನೀವು ಬಂದಾಗ ಹಿಂದೆ ಹುರಮಂಜಿ ಬಣ್ಣದ ಗುರುತಿರುವ ಇಂಡಿಕಾ ಕಂಡರೆ, ಅದು ನಮ್ಮದು.